ಚಿಕ್ಕ ಮನೆಗೆ ಯಾವ ಆಮೆ ಸರಿ: ಹಾರ್ಸ್‌ಫೀಲ್ಡ್, ಹರ್ಮನ್, ರೆಡ್‌ಫುಟ್

ಮೊದಲೇ ಹೇಳಿಬಿಡುತ್ತೇನೆ, ಇದು ಇಂಗ್ಲೆಂಡಿನಲ್ಲಿ ಆಮೆ ಸಾಕುವವರ ಲೆಕ್ಕ. ಊರಲ್ಲಿರುವವರು ಇದನ್ನು ಓದಿ ನಕ್ಷತ್ರ ಆಮೆ ಹುಡುಕಲು ಹೊರಡಬೇಡಿ. ಕೋಲಾರದ ಕಡೆಯ ಕುರುಚಲು ಕಾಡಲ್ಲಿ ಓಡಾಡುವ ಆ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಜೈಲಾಗಬಹುದು. ಆಮೆ ಇಟ್ಟರೆ ಲಕ್ಷ್ಮಿ ಬರುತ್ತಾಳೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬರೋದು ಅರಣ್ಯ ಇಲಾಖೆಯವರು.

ನಮ್ಮದು ರೀಡಿಂಗ್ ಅನ್ನುವ ಊರಿನಲ್ಲಿ ಎರಡು ಬೆಡ್‌ರೂಮಿನ ಟೆರೇಸ್ ಮನೆ, ಅಂದರೆ ಅಕ್ಕಪಕ್ಕದ ಮನೆಗಳಿಗೆ ಗೋಡೆ ಅಂಟಿಕೊಂಡ ಸಾಲುಮನೆ. ಹಿಂದೆ ಕಲ್ಲು ಹಾಸಿದ ಸ್ವಲ್ಪ ಜಾಗ, ಗೋಡೆ ಪಕ್ಕ ಒಂದು ಪಟ್ಟಿ ಮಣ್ಣು. ಇಷ್ಟರಲ್ಲೇ ಮೂರು ಜಾತಿಯ ಆಮೆ ನೋಡಿಕೊಂಡಿದ್ದೇನೆ. ಹರ್ಮನ್ ನಮ್ಮದೇ. ಹಾರ್ಸ್‌ಫೀಲ್ಡ್ ಗೆಳತಿಯದು. ಅವಳು ಮೈಸೂರಿಗೆ ಹೋದಾಗಲೆಲ್ಲ ಅದು ನಮ್ಮ ಮನೆಗೆ ಬರುತ್ತದೆ. ರೆಡ್‌ಫುಟ್ ನಮ್ಮ ಯಜಮಾನರ ಸಹೋದ್ಯೋಗಿಯದು. ಅವರು ಮನೆ ಬದಲಿಸುವಾಗ ಒಂದು ಚಳಿಗಾಲ ಇಲ್ಲೇ ಇತ್ತು.

ಸುಲ್ಕಾಟಾ ಅನ್ನುವ ದೊಡ್ಡ ಜಾತಿಯ ಆಮೆ ಬಗ್ಗೆ ಒಂದೇ ಮಾತು. ಅಂಗಡಿಯಲ್ಲಿ ಅಂಗೈಯಗಲದ ಮರಿ ಮುದ್ದಾಗಿ ಕಾಣುತ್ತದೆ. ಬೆಳೆದ ಮೇಲೆ 40 ಕಿಲೋ ದಾಟುತ್ತದೆ. ಚಿಕ್ಕ ಮನೆಯವರು ಅದರ ಕಡೆ ತಿರುಗಿ ನೋಡುವುದೂ ಬೇಡ. ಲೆಪರ್ಡ್ ಆಮೆಯೂ ಅದೇ ದಾರಿ, ಸ್ವಲ್ಪ ಚಿಕ್ಕದು ಅಷ್ಟೇ.

ಈಗ ಹಾರ್ಸ್‌ಫೀಲ್ಡ್. ಹೊಸಬರಿಗೆ ಇದೇ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಬೆಳೆದರೂ 20 ಸೆಂಟಿಮೀಟರ್ ಆಸುಪಾಸು. ಕಾಗದಪತ್ರದ ಕಾಟ ಕಡಿಮೆ. ಗಟ್ಟಿ ಜೀವ ಬೇರೆ. 1968ರಲ್ಲಿ ಸೋವಿಯತ್‌ನವರು ಝಾಂಡ್ 5 ನೌಕೆಯಲ್ಲಿ ಚಂದ್ರನ ಸುತ್ತ ಕಳಿಸಿದ ಎರಡು ಆಮೆಗಳು ಇದೇ ಜಾತಿಯವು. ಜೀವಂತವಾಗಿ ವಾಪಸ್ಸೂ ಬಂದವು.

ಆದರೆ ಚಿಕ್ಕ ಮನೆಗೆ? ನನಗೆ ಅಷ್ಟು ಸರಿ ಅನಿಸಲಿಲ್ಲ. ಇದರ ಊರು ಕಜಕಸ್ತಾನ, ಉಜ್ಬೇಕಿಸ್ತಾನದ ಒಣ ಬಯಲು. ಅಲ್ಲಿ ವಸಂತದಲ್ಲಿ ಎರಡು ಮೂರು ತಿಂಗಳು ಹಸಿರು ಇರುತ್ತದೆ, ಅಷ್ಟರಲ್ಲಿ ತಿಂದು ಮುಗಿಸಿ ಉಳಿದ ಕಾಲವೆಲ್ಲ ನೆಲದೊಳಗೆ. ಹಾಗಾಗಿ ಅಗೆಯುವುದು ಅದರ ಹುಟ್ಟುಗುಣ. ಮನೆಯೊಳಗೆ ಆಮೆ ಇಡುವ ಪೆಟ್ಟಿಗೆಯಲ್ಲಿ ನಾಲ್ಕು ಇಂಚು ಮಣ್ಣು ಹಾಕಿದರೆ ಅದಕ್ಕೆ ಏನೂ ಸಾಲದು. ಮೂಲೆಗೆ ಹೋಗಿ ಮುಂಗಾಲನ್ನು ಹಲಗೆಗೆ ಊರಿ ಪರಪರ ಕೆರೆಯುತ್ತದೆ. ಒಂದೊಂದು ಕಾಲಿಗೂ ನಾಲ್ಕೇ ಉಗುರು, ಆದರೆ ಸದ್ದು ಕೇಳಿದರೆ ಯಾರೋ ಬಡಗಿ ಬಂದು ಕೂತಿದ್ದಾನೆ ಅನಿಸಬೇಕು. ಪೆಟ್ಟಿಗೆಯ ಬಿಸಿ ದೀಪ ಹತ್ತಿದ ಕೂಡಲೇ ಶುರು. ತೆಳು ಗೋಡೆಯ ಮನೆಯಲ್ಲಿ ಮೇಲಿನ ರೂಮಿಗೂ ಕೇಳುತ್ತದೆ. ಹೊರಗೆ ಬಿಟ್ಟರೆ ಬೇಲಿಯ ಅಡಿಯಿಂದ ಪಕ್ಕದ ಮನೆಗೆ ಸುರಂಗ. ಅದಕ್ಕೇ ಬೇಲಿಯ ಬುಡದಲ್ಲಿ ಸಾಕಷ್ಟು ಆಳಕ್ಕೆ ಕಲ್ಲು ಹೂತಿಟ್ಟಿದ್ದೇವೆ.

ಇನ್ನೊಂದು, ಇಲ್ಲಿನ ತೇವ ಅದಕ್ಕೆ ಆಗಿಬರುವುದಿಲ್ಲ. ಚಳಿ ಅಂದರೆ ತಡೆಯುತ್ತದೆ. ಚಳಿ ಮತ್ತು ಒದ್ದೆ ಎರಡೂ ಸೇರಿದರೆ ಮೂಗು ಸೋರಲು ಶುರು. ಇಂಗ್ಲೆಂಡಿನ ಬೇಸಿಗೆ ಹೇಗಿರುತ್ತದೆ ಅಂತ ಗೊತ್ತಲ್ವಾ.

ಹರ್ಮನ್ ಮೆಡಿಟರೇನಿಯನ್ ಕಡೆಯದು. ಸ್ಪೇನ್, ಇಟಲಿ, ಬಾಲ್ಕನ್ ದೇಶಗಳು. ಗಾತ್ರ ಹೆಚ್ಚುಕಡಿಮೆ ಹಾರ್ಸ್‌ಫೀಲ್ಡ್‌ನಷ್ಟೇ. ಬಾಲದ ತುದಿಯಲ್ಲಿ ಉಗುರಿನಂಥ ಗಟ್ಟಿ ಮೊನೆ ಇರುತ್ತದೆ, ಗುರುತಿಸುವುದು ಸುಲಭ. ಇದೂ ಮಣ್ಣು ಕೆದಕುತ್ತದೆ, ಆದರೆ ಮೈಮುಚ್ಚುವಷ್ಟು ಗುಂಡಿಯಾದರೆ ಸಾಕು. ಬದಲಿಗೆ ಹತ್ತುವ ಚಟ. ಕಲ್ಲಿನ ಮೇಲೆ ಕಲ್ಲಿಟ್ಟರೆ ಏರಿ, ಬೆನ್ನ ಮೇಲೆ ಬಿದ್ದು, ಕಾಲಾಡಿಸುತ್ತಾ ಕೂಗದೆ ಕಾಯುತ್ತದೆ. ದೀಪದ ನೇರ ಕೆಳಗೆ ಹೀಗೆ ಬಿದ್ದರೆ ಜೀವಕ್ಕೇ ಅಪಾಯ. ಅಲ್ಲಿ ಒಂದು ಚಪ್ಪಟೆ ಕಲ್ಲು ಮಾತ್ರ ಇಡಿ.

ಬೆಳಿಗ್ಗೆ ಎದ್ದು ಮೈ ಕಾಯಿಸಿಕೊಳ್ಳುತ್ತದೆ, ತಿನ್ನುತ್ತದೆ, ಒಂದು ಸುತ್ತು ಹಾಕುತ್ತದೆ, ಮಧ್ಯಾಹ್ನ ನೆರಳಿಗೆ ಹೋಗಿ ಮಲಗುತ್ತದೆ. ಡ್ಯಾಂಡೆಲಿಯನ್ ಹೂ ಕೊಟ್ಟರೆ ಬಾಯಿಯ ಸುತ್ತ ಹಳದಿ ಮೆತ್ತಿಕೊಂಡು ಹಾಗೇ ನಿಂತಿರುತ್ತದೆ. ಕಳೆ ಗಿಡಗಳೇ ಇದರ ಊಟ. ದಾಸವಾಳದ ಎಲೆ, ಹೂ ಎರಡೂ ಆಗುತ್ತದೆ. ಹಣ್ಣು ಬೇಡ. ಪಾಲಕ್ ಜಾಸ್ತಿ ಬೇಡ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ.

ಹರ್ಮನ್‌ನ ತೊಂದರೆ ಕಾಗದದ್ದು. ಮಾರುವವರ ಹತ್ತಿರ ಆರ್ಟಿಕಲ್ 10 ಸರ್ಟಿಫಿಕೇಟ್, ಅಂದರೆ ಸಂರಕ್ಷಿತ ಜೀವಿಯನ್ನು ಮಾರಲು ಸರ್ಕಾರ ಕೊಡುವ ಅನುಮತಿ ಪತ್ರ, ಇರಲೇಬೇಕು. ಅದಿಲ್ಲದೆ ಮಾರುವುದು ಇಲ್ಲಿ ಕಾನೂನಿಗೆ ವಿರುದ್ಧ. ಮೂಲ ಪ್ರತಿಯನ್ನೇ ಕೇಳಿ ಪಡೆಯಿರಿ. ಗಂಡಾದರೆ ಇನ್ನೊಂದು ಗುಣ ಸಹಿಸಿಕೊಳ್ಳಬೇಕು, ವಸಂತ ಬಂತೆಂದರೆ ಚಪ್ಪಲಿಗೆ ಬಂದು ಢಿಕ್ಕಿ ಹೊಡೆಯುತ್ತದೆ. ಪಾಪ ಒಂಟಿ ಅಂತ ಜೊತೆ ತರಲು ಹೋಗಬೇಡಿ. ಹೆಣ್ಣಾಮೆಯ ಕಾಲು ಕಚ್ಚಿ ಗಾಯ ಮಾಡುತ್ತದೆ. ಒಂಟಿಯಾಗಿರುವುದೇ ಅದಕ್ಕೆ ಇಷ್ಟ.

ರೆಡ್‌ಫುಟ್ ಮೂರರಲ್ಲಿ ಚೆಂದದ್ದು, ಅನುಮಾನವೇ ಇಲ್ಲ. ಕಪ್ಪು ಚಿಪ್ಪು, ಕಾಲ ಮೇಲೆ ಕೆಂಪು ಹುರುಪೆ. ನಾವು ಹತ್ತಿರ ಹೋದರೆ ಕತ್ತು ಚಾಚಿಕೊಂಡು ಎದುರಿಗೇ ಬರುತ್ತದೆ. ಅಣಬೆ, ಪಪ್ಪಾಯಿ ತಿನ್ನುತ್ತದೆ, ಅಪರೂಪಕ್ಕೆ ಬೇಯಿಸಿದ ಮೊಟ್ಟೆಯೂ ಬೇಕು. ಆದರೆ ಇದು ದಕ್ಷಿಣ ಅಮೆರಿಕದ ಮಳೆಕಾಡಿನ ಕಡೆಯ ಜೀವಿ. ಗಾಳಿಯಲ್ಲಿ ಶೇಕಡ 70ಕ್ಕಿಂತ ಹೆಚ್ಚು ತೇವ ಇರಬೇಕು, ರಾತ್ರಿಯೂ ಬೆಚ್ಚಗಿರಬೇಕು. ಉಳಿದೆರಡರಂತೆ ಚಳಿಗಾಲದಲ್ಲಿ ವಾರಗಟ್ಟಲೆ ನಿದ್ದೆ ಹೋಗುವುದಿಲ್ಲ, ಅಂದರೆ ಹೀಟರ್‌ಗೆ ವರ್ಷಪೂರ್ತಿ ರಜೆ ಇಲ್ಲ. ಇಲ್ಲಿನ ಹಳೆಯ ಮನೆಗಳಲ್ಲಿ ಮೊದಲೇ ಗೋಡೆಗೆ ಬೂಷ್ಟು. ಅದರ ಜೊತೆ ಈ ತೇವದ ಪೆಟ್ಟಿಗೆ ಸೇರಿ ಬೆಳಿಗ್ಗೆ ಕಿಟಕಿ ಗಾಜಿನಿಂದ ನೀರು ಇಳಿಯುತ್ತಿತ್ತು, ಪರದೆಯ ಅಂಚು ಕಪ್ಪಾಯಿತು. ವಾಸನೆಯೂ ಉಳಿದೆರಡಕ್ಕಿಂತ ಜಾಸ್ತಿ. ಬೆಳೆದರೆ 30ರಿಂದ 35 ಸೆಂಟಿಮೀಟರ್. ದೊಡ್ಡ ಮನೆ, ಬಿಡುವಾದ ಒಂದು ರೂಮು ಇದ್ದವರು ಆಸೆ ಪಡಬಹುದು.

ಜಾಗದ ವಿಷಯಕ್ಕೆ ಬಂದರೆ, ಹರ್ಮನ್ ಅಥವಾ ಹಾರ್ಸ್‌ಫೀಲ್ಡ್ ಒಂದಕ್ಕೆ ಕಡಿಮೆ ಅಂದರೂ ನಾಲ್ಕಡಿ ಉದ್ದ, ಎರಡಡಿ ಅಗಲದ ತೆರೆದ ಮರದ ಪೆಟ್ಟಿಗೆ ಬೇಕು. ನಮ್ಮನೆಯಲ್ಲಿ ಅದಕ್ಕಾಗಿ ಡೈನಿಂಗ್ ಟೇಬಲ್ ಗೋಡೆಗೆ ಒತ್ತಿಕೊಂಡಿದೆ, ನಾಲ್ಕು ಜನ ಊಟಕ್ಕೆ ಬಂದರೆ ಇಬ್ಬರು ಸೋಫಾದಲ್ಲಿ ಕೂರಬೇಕು. ಒಂದು ತುದಿಯಲ್ಲಿ ಬಿಸಿ ದೀಪ, ಅದರ ಕೆಳಗೆ 32ರಿಂದ 35 ಡಿಗ್ರಿ. ಇನ್ನೊಂದು ತುದಿ ತಂಪು. ಜೊತೆಗೆ ಯುವಿಬಿ ಟ್ಯೂಬ್, ಅಂದರೆ ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವ ದೀಪ. ಕಿಟಕಿಯಿಂದ ಬಿಸಿಲು ಬರುತ್ತಲ್ಲ ಅನ್ನಬೇಡಿ, ಗಾಜು ಯುವಿಬಿಯನ್ನು ತಡೆಯುತ್ತದೆ. ಅದಿಲ್ಲದಿದ್ದರೆ ಚಿಪ್ಪು ಮೆತ್ತಗಾಗುತ್ತದೆ. ಟ್ಯೂಬ್ ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಬದಲಿಸಬೇಕು, ಯುವಿಬಿ ಅಷ್ಟರಲ್ಲಿ ಕುಗ್ಗಿರುತ್ತದೆ. ಆಮೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಅದರ ಸ್ನಾನದ ಬೇಸಿನ್ ಅಡುಗೆಮನೆಯ ಸಿಂಕಿಗೆ ಬರಕೂಡದು, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅಂಟಬಹುದು.

ಚಳಿಗಾಲದ ನಿದ್ದೆ ಈ ಎರಡಕ್ಕೂ ಒಂದೇ ರೀತಿ. ಇಲ್ಲಿ ಬಹಳ ಜನ ಫ್ರಿಜ್ಜಿನಲ್ಲಿ ಮಲಗಿಸುತ್ತಾರೆ, ನಾವೂ ಅಷ್ಟೇ. "ಜೀವ ಇರೋದನ್ನ ಫ್ರಿಜ್ಜಲ್ಲಿ ಇಡ್ತಾರೇನೇ?" ಅಂತ ಅಮ್ಮ ಫೋನಲ್ಲಿ ಬೈದರು. ಒಳಗೆ 5 ಡಿಗ್ರಿ ಇರಬೇಕು. 10 ದಾಟಿದರೆ ಎಚ್ಚರವಾಗಿ ಶಕ್ತಿ ಕಳೆದುಕೊಳ್ಳುತ್ತದೆ, ಸೊನ್ನೆಗಿಳಿದರೆ ಕಣ್ಣು ಹೋಗಬಹುದು. ದಿನಾ ಒಮ್ಮೆ ಬಾಗಿಲು ತೆರೆದು ಗಾಳಿಯಾಡಿಸಬೇಕು, ಆಗಾಗ ತೂಕ ನೋಡಬೇಕು. ಮಲಗಿಸುವ ಕೆಲವು ವಾರ ಮೊದಲೇ ಊಟ ನಿಲ್ಲಿಸಿ ಹೊಟ್ಟೆ ಖಾಲಿ ಮಾಡಿಸಬೇಕು. ಹುಷಾರಿಲ್ಲದ ಆಮೆಯನ್ನು ಮಲಗಿಸಲೇಬಾರದು. ದೋಸೆ ಹಿಟ್ಟಿನ ಪಕ್ಕ ಇಡಲು ಆಗುತ್ತದೆಯೇ? ಬೇರೆ ಚಿಕ್ಕ ಫ್ರಿಜ್ಜೇ ಬೇಕು. ನಮ್ಮದು ಮೆಟ್ಟಿಲ ಕೆಳಗಿದೆ. ಜಾಗದ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ.

ಹಾಗಾಗಿ ನನ್ನ ಆಯ್ಕೆ ಹರ್ಮನ್. ಕಾಗದದ ಓಡಾಟ ಒಂದು ಸಲದ್ದು, ಹಾರ್ಸ್‌ಫೀಲ್ಡ್‌ನ ಕೆರೆತ ದಿನದಿನದ್ದು. ಮಣ್ಣಿನ ನೆಲ ಇರುವ, ಬಿಸಿಲು ಬೀಳುವ ಹಿತ್ತಲಿದ್ದರೆ ಹಾರ್ಸ್‌ಫೀಲ್ಡ್ ಕೂಡ ಸುಖವಾಗಿರುತ್ತದೆ, ಗೆಳತಿಯ ಮನೆಯಲ್ಲಿ ಹಾಗೇ ಇದೆ. ಮೇಲಿನ ಮಹಡಿಯ ಫ್ಲ್ಯಾಟ್, ಹೊರಗೆ ಬಿಡಲು ಜಾಗವೇ ಇಲ್ಲ ಅಂದರೆ ಮೂರರಲ್ಲಿ ಯಾವುದೂ ಬೇಡ. ಇವು 50 ವರ್ಷ ದಾಟಿ ಬದುಕುವ ಪ್ರಾಣಿಗಳು, ಬರೀ ದೀಪದ ಕೆಳಗೆ ಅಷ್ಟು ಕಾಲ ಕಳೆಯುವುದು ಶಿಕ್ಷೆ.

ಮರಿಗಿಂತ, ಸಾಕಲಾಗದೆ ಯಾರೋ ಬಿಟ್ಟುಕೊಡುತ್ತಿರುವ ದೊಡ್ಡ ಆಮೆ ತರುವುದು ವಾಸಿ. ಎಷ್ಟು ಬೆಳೆಯುತ್ತದೆ ಅನ್ನುವ ಪ್ರಶ್ನೆಯೇ ಇರುವುದಿಲ್ಲ, ಮರಿಗಳಷ್ಟು ನಾಜೂಕೂ ಅಲ್ಲ. ನೋಡಲು ಹೋದಾಗ ಕೈಯಲ್ಲಿ ಎತ್ತಿ ನೋಡಿ, ಗಾತ್ರಕ್ಕೆ ತಕ್ಕ ಭಾರ ಇರಬೇಕು. ಕಣ್ಣು ಪೂರ್ತಿ ತೆರೆದಿರಬೇಕು. ಹಿಂಗಾಲನ್ನು ಮೆಲ್ಲಗೆ ಎಳೆದರೆ ಜೋರಾಗಿ ಒಳಗೆಳೆದುಕೊಳ್ಳಬೇಕು. ಮೂಗಿನಲ್ಲಿ ಗುಳ್ಳೆ ಕಂಡರೆ, ಎಷ್ಟೇ ಕಡಿಮೆಗೆ ಕೊಡುತ್ತೇವೆ ಅಂದರೂ ತರಬೇಡಿ.