ಒಂದೇ ಲೆಕ್ಕದ ಪುಸ್ತಕ, ನಾಲ್ಕು ಬಾರಿ

ಅಕ್ಕನ ಸ್ವಸಹಾಯ ಸಂಘದಲ್ಲಿ 14 ಜನ. ಅವರ ತಿಂಗಳ ಕಂತು, ಸಾಲ, ಬಡ್ಡಿ, ದಂಡ ಎಲ್ಲದರ ಲೆಕ್ಕ ನನ್ನ ಲ್ಯಾಪ್‌ಟಾಪಿನಲ್ಲಿ. ನನಗೆ ಕಣ್ಣು ಕಾಣುವುದಿಲ್ಲ. ವಿಂಡೋಸಿನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಹಾಕಿಕೊಂಡು, ಇಸ್ಪೀಕ್‌ನ ಕನ್ನಡ ದನಿ ಕೇಳುತ್ತ ಕೆಲಸ ಮಾಡುವವನು. ಮೊದಲು ದುಡ್ಡು ಕೊಟ್ಟು ತಂದ ಒಂದು ಲೆಕ್ಕದ ಸಾಫ್ಟ್‌ವೇರ್ ಇತ್ತು. ಅದರಲ್ಲಿ ಟ್ಯಾಬ್ ಒತ್ತಿದಲ್ಲೆಲ್ಲ ‘ಬಟನ್, ಬಟನ್, ಬಟನ್’ ಅಷ್ಟೇ. ಯಾವುದು ಉಳಿಸುತ್ತದೆ, ಯಾವುದು ಅಳಿಸುತ್ತದೆ ಅನ್ನುವುದು ಒತ್ತಿದ ಮೇಲೇ ಗೊತ್ತಾಗಬೇಕು. ಹಾಗೆ ಗೊತ್ತಾಗುವಷ್ಟರಲ್ಲಿ ಒಂದು ತಿಂಗಳ ಕಂತು ಪೂರ್ತಿ ಮಾಯವಾಗಿತ್ತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಅಲ್ಪಸ್ವಲ್ಪ ಬರುತ್ತಿತ್ತು, ನಾನೇ ಬರೆಯೋಣವೆಂದು ಕೂತೆ.

ಕಿಟಕಿ ಸಣ್ಣದು: ಹೆಸರು, ಮೊತ್ತ, ಷರಾ ಎಂದು ಮೂರು ಪೆಟ್ಟಿಗೆ, ‘ಉಳಿಸಿ’ ಎಂಬ ಬಟನ್, ಕೆಳಗೆ ಕಂತುಗಳ ಪಟ್ಟಿ, ತಳದಲ್ಲಿ ‘ಉಳಿಯಿತು’ ಎಂದು ತೋರಿಸುವ ಸಾಲು. ಇದನ್ನೇ ಟಿಕೆಇಂಟರ್, ಎಲೆಕ್ಟ್ರಾನ್, ಕ್ಯೂಟಿ, ಡಬ್ಲ್ಯುಎಕ್ಸ್‌ಪೈಥಾನ್ ಎಂಬ ನಾಲ್ಕು ಟೂಲ್‌ಕಿಟ್‌ಗಳಲ್ಲಿ (ಕಿಟಕಿ, ಬಟನ್ ಕಟ್ಟಲು ಸಿಗುವ ಸಿದ್ಧ ಸಾಮಗ್ರಿ) ಕಟ್ಟಿದೆ. ಎಲ್ಲಕ್ಕೂ ಒಂದೇ ಪರೀಕ್ಷೆ. ಮೌಸ್ ಮುಟ್ಟದೆ ಐದು ಜನರ ಕಂತು ಬರೆಯಬೇಕು, ಒಂದನ್ನು ತಿದ್ದಬೇಕು, ತಿದ್ದಿದ್ದು ಸರಿಯಾಯಿತೇ ಎಂದು ಕಿವಿಯಿಂದಲೇ ಖಾತ್ರಿ ಮಾಡಿಕೊಳ್ಳಬೇಕು.

ಸ್ಕ್ರೀನ್ ರೀಡರ್ ಪರದೆಯ ಮೇಲಿನ ಚಿತ್ರ ನೋಡಿ ಓದುತ್ತದೆ ಎಂದುಕೊಂಡ ಪ್ರೋಗ್ರಾಮರ್‌ಗಳನ್ನೂ ಕಂಡಿದ್ದೇನೆ. ಅದು ಮುಖ್ಯವಾಗಿ ಮಾಡುವುದು ವಿಚಾರಣೆ: ಫೋಕಸ್ ಇರುವ, ಅಂದರೆ ಈಗ ಕೀಲಿ ಒತ್ತಿದರೆ ತಾಗುವ, ವಸ್ತುವಿನ ಹೆಸರೇನು, ಅದು ಯಾವ ಬಗೆಯದು, ಈಗ ಯಾವ ಸ್ಥಿತಿಯಲ್ಲಿದೆ? ಈ ಮಾತುಕತೆಗೆ ವಿಂಡೋಸಿನಲ್ಲಿ 1997ರಿಂದ ಎಂಎಸ್‌ಎಎ, ವಿಸ್ಟಾ ಕಾಲದಿಂದ ಯುಐ ಆಟೊಮೇಷನ್ ಎಂಬ ದಾರಿಗಳಿವೆ. ಕೇಳಿದ್ದಕ್ಕೆ ಉತ್ತರ ಕೊಡಬೇಕಾದದ್ದು ಕಿಟಕಿ ಕಟ್ಟಿದ ಟೂಲ್‌ಕಿಟ್.

ಟಿಕೆಇಂಟರ್ ಆ ಉತ್ತರವನ್ನೇ ಕೊಡಲಿಲ್ಲ. ಪೈಥಾನ್ ಜೊತೆಗೇ ಬರುತ್ತದೆ, ಕಲಿಯುವವರಿಗೆ ಮೊದಲು ಹೇಳಿಕೊಡುವುದೂ ಇದನ್ನೇ. ನಾನು ಬಳಸಿದ್ದು ಟಿಕೆ 8.6. ಕಿಟಕಿಯ ತಲೆಬರಹ ಓದಿತು, ಆಮೇಲೆ ಟ್ಯಾಬ್ ಒತ್ತುತ್ತ ಹೋದರೆ ಮೌನ. ತಮಾಷೆಯೆಂದರೆ, ಮೊತ್ತ ಖಾಲಿ ಬಿಟ್ಟು ಉಳಿಸಲು ಹೋದಾಗ ‘ಮೊತ್ತ ತುಂಬಿ’ ಎಂಬ ಎಚ್ಚರಿಕೆ ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಆ ಸಂದೇಶದ ಪೆಟ್ಟಿಗೆಯನ್ನು ಟಿಕೆಇಂಟರ್ ವಿಂಡೋಸಿನಿಂದಲೇ ತರಿಸುತ್ತದೆ, ಉಳಿದದ್ದನ್ನು ತಾನೇ ಬಿಡಿಸುತ್ತದೆ. ದಾರಿ ತೋರಿಸದೆ ತಪ್ಪು ಮಾತ್ರ ಎತ್ತಿ ಹೇಳುವ ಮೇಷ್ಟ್ರು ಸಿಕ್ಕಂತಾಯಿತು. ಅರ್ಧ ದಿನಕ್ಕೆ ಕೈಬಿಟ್ಟೆ.

ಎಲೆಕ್ಟ್ರಾನ್ ಬಗ್ಗೆ ನನಗೆ ಪೂರ್ವಗ್ರಹ ಇತ್ತು, ಅರ್ಧ ಕರಗಿತು. ಒಳಗಿರುವುದು ಕ್ರೋಮ್ ಬ್ರೌಸರಿನ ಮೂಲವಾದ ಕ್ರೋಮಿಯಂ. ಹಾಗಾಗಿ ವೆಬ್ ಪುಟದ ಶಿಸ್ತೆಲ್ಲ ಇಲ್ಲೂ ನಡೆಯುತ್ತದೆ. ನಿಜವಾದ ಬಟನ್ ಟ್ಯಾಗ್, ಪೆಟ್ಟಿಗೆಗೆ ಕಟ್ಟಿದ ಲೇಬಲ್, ತಲೆಸಾಲು ಇರುವ ಟೇಬಲ್ ಬರೆದರೆ ಎನ್‌ವಿಡಿಎ ಎಲ್ಲವನ್ನೂ ಹೇಳುತ್ತದೆ. ‘ಉಳಿಯಿತು’ ಎಂಬ ಸಾಲಿಗೆ ಏರಿಯಾ-ಲೈವ್ ಎಂಬ ಗುರುತು ಹಚ್ಚಿದರೆ, ಫೋಕಸ್ ಕದಲದೆ ದನಿ ತಾನಾಗಿ ಬರುತ್ತದೆ. ನಾಲ್ಕರಲ್ಲಿ ಈ ಸುಖ ಇಷ್ಟು ಸಲೀಸಾಗಿ ಸಿಕ್ಕಿದ್ದು ಇಲ್ಲಿ ಮಾತ್ರ. ಇನ್ನೊಂದು ಅನುಕೂಲ ನಮ್ಮಂಥವರಿಗೆ: ಕನ್ನಡದ ಭಾಗಕ್ಕೆ ಭಾಷೆ ತಿಳಿಸುವ ಲ್ಯಾಂಗ್ ಗುರುತು ಹಾಕಿಟ್ಟರೆ, ಇಂಗ್ಲಿಷ್ ದನಿ ಇಟ್ಟುಕೊಂಡವರಿಗೂ ಅಲ್ಲಿಗೆ ಬಂದಾಗ ಕನ್ನಡದ ದನಿ ಬರುತ್ತದೆ. ತೊಂದರೆ ಬೇರೆ ಕಡೆ. ಮೂರು ಪೆಟ್ಟಿಗೆಯ ಪ್ರೋಗ್ರಾಮಿಗೆ ನೂರು ಎಂಬಿಗೂ ಮೀರಿದ ಹೊರೆ, ಹಳೆಯ ಲ್ಯಾಪ್‌ಟಾಪಿನಲ್ಲಿ ತೆರೆಯುವಷ್ಟರಲ್ಲಿ ಒಂದು ಗುಟುಕು ಕಾಫಿ ಆಗುತ್ತದೆ. ಜೊತೆಗೆ ಎನ್‌ವಿಡಿಎ ಇದನ್ನು ಪುಟವೆಂದೇ ತಿಳಿಯುವುದರಿಂದ ಪುಟ ಓದುವ ಬ್ರೌಸ್ ಮೋಡ್, ಪೆಟ್ಟಿಗೆಯಲ್ಲಿ ಬರೆಯುವ ಫೋಕಸ್ ಮೋಡ್ ಎಂಬ ಎರಡು ಅವತಾರಗಳ ನಡುವೆ ಓಡಾಟ. ಬರೆಯುತ್ತಿದ್ದೇನೆಂದುಕೊಂಡು ಬಿ ಒತ್ತಿದರೆ ಬಟನ್ನಿಗೆ ಹಾರಿರುತ್ತದೆ. ನನಗೆ ಅಭ್ಯಾಸವಿದೆ, ಹೊಸಬರು ಗಾಬರಿಯಾಗುತ್ತಾರೆ. ಬಟನ್ ಟ್ಯಾಗ್ ಬಿಟ್ಟು, ಡಿವ್ ಎಂಬ ಬರೀ ಚೌಕಟ್ಟಿನ ಮೇಲೆ ಕ್ಲಿಕ್ ಕಟ್ಟುವ ಚಟದವರಿಗಂತೂ ಇಲ್ಲಿ ಹಾಳು ಮಾಡಲು ಅವಕಾಶ ಹೇರಳ.

ಕ್ಯೂಟಿಯದ್ದು ದೊಡ್ಡ ಮನೆತನ. ಇದೂ ತನ್ನ ಪೆಟ್ಟಿಗೆಗಳನ್ನು ತಾನೇ ಬಿಡಿಸುತ್ತದೆ, ಆದರೆ ಕೇಳಿದ್ದಕ್ಕೆ ಉತ್ತರ ಕೊಡುವ ಏರ್ಪಾಡನ್ನೂ ಮಾಡಿಟ್ಟಿದೆ. ಲೇಬಲನ್ನು ಪೆಟ್ಟಿಗೆಯ ಜೊತೆ ಕೂಡಿಸಲು ‘ಸೆಟ್‌ಬಡ್ಡಿ’ ಎಂಬ ಸಾಧನವಿದೆ. ಬಡ್ಡಿ ಲೆಕ್ಕದ ಪ್ರೋಗ್ರಾಮಿನಲ್ಲಿ ಈ ಹೆಸರು ಕೇಳಿ ಒಬ್ಬನೇ ನಕ್ಕೆ. ಫಾರ್ಮ್ ಲೇಔಟ್ ಬಳಸಿದರೆ ಆ ಜೋಡಣೆಯೂ ತಾನಾಗಿ ಆಗುತ್ತದೆ. ಪಟ್ಟಿಯಲ್ಲಿ ಸಾಲು, ಕಂಬ ಎರಡೂ ಓದಿತು. ಸೋತದ್ದು ‘ಉಳಿಯಿತು’ ಸಾಲಿನಲ್ಲಿ: ಪರದೆಯ ಮೇಲೆ ಬಂದು ಹೋಗುತ್ತದೆ, ಕಿವಿಗೆ ಬರುವುದಿಲ್ಲ. ಕ್ಯೂಟಿಯ 6.8ನೇ ಆವೃತ್ತಿಯಲ್ಲಿ ಇದಕ್ಕೆಂದೇ ಪ್ರಕಟಣೆಯ ಈವೆಂಟ್ ಸೇರಿಸಿದ್ದಾರೆ, ನಾನು ಶುರುಮಾಡಿದ್ದು ಅದಕ್ಕಿಂತ ಹಳೆಯದರಲ್ಲಿ. ಲಿನಕ್ಸ್, ಮ್ಯಾಕ್ ಎಲ್ಲ ಕಡೆ ಓಡಬೇಕಾದ ದೊಡ್ಡ ಪ್ರೋಗ್ರಾಮಾದರೆ ಇದನ್ನೇ ಆರಿಸುತ್ತಿದ್ದೆ.

ನನ್ನ ಕೆಲಸಕ್ಕೆ ಗೆದ್ದದ್ದು ಡಬ್ಲ್ಯುಎಕ್ಸ್‌ಪೈಥಾನ್. ಅದು ವಿಂಡೋಸಿನ ಸ್ವಂತ ಪೆಟ್ಟಿಗೆ, ಬಟನ್‌ಗಳನ್ನೇ ಕರೆದು ಕೂರಿಸುತ್ತದೆ. ಎನ್‌ವಿಡಿಎಯ ಸೆಟ್ಟಿಂಗ್ಸ್ ಕಿಟಕಿಗಳನ್ನು ಕಟ್ಟಿರುವುದೂ ಇದರಲ್ಲೇ, ಅದಕ್ಕಿಂತ ಶಿಫಾರಸು ಬೇಕೇ? ಹಾಗೆಂದು ಮೊದಲ ದಿನವೇ ಒಲಿಯಲಿಲ್ಲ. ಮೊದಲು ಮೂರು ಲೇಬಲ್ ಸೃಷ್ಟಿಸಿ, ಆಮೇಲೆ ಮೂರು ಪೆಟ್ಟಿಗೆ ಸೃಷ್ಟಿಸಿ, ಜಾಗ ಹೊಂದಿಸುವ ಸೈಜರ್‌ನಲ್ಲಿ ಒಪ್ಪವಾಗಿ ಎದುರುಬದುರು ಜೋಡಿಸಿದೆ. ಅಕ್ಕ ನೋಡಿ ಚೆನ್ನಾಗಿದೆ ಅಂದಳು. ನನ್ನ ಕಿವಿಗೆ ಹೆಸರಿನ ಪೆಟ್ಟಿಗೆ ‘ಷರಾ’ ಎಂದು ಕೇಳಿಸಿತು, ಉಳಿದೆರಡು ಬರೀ ‘ಎಡಿಟ್ ಬ್ಲ್ಯಾಂಕ್’. ವಿಂಡೋಸ್ ಪೆಟ್ಟಿಗೆಗೆ ಹೆಸರು ಹುಡುಕುವುದು ಪರದೆಯ ಜಾಗ ನೋಡಿ ಅಲ್ಲ, ಕೋಡಿನಲ್ಲಿ ಅದಕ್ಕೆ ತಕ್ಷಣ ಮೊದಲು ಯಾವ ಲೇಬಲ್ ಹುಟ್ಟಿತ್ತು ಎಂದು ನೋಡಿ. ಲೇಬಲ್, ಪೆಟ್ಟಿಗೆ, ಲೇಬಲ್, ಪೆಟ್ಟಿಗೆ ಎಂದು ಕೋಡಿನ ಸಾಲುಗಳನ್ನು ಅದಲುಬದಲು ಮಾಡಿದೆ, ಒಂದು ಅಕ್ಷರವೂ ಹೊಸದಿಲ್ಲ. ಮೂರೂ ತಮ್ಮ ತಮ್ಮ ಹೆಸರು ಹೇಳಿದವು. ಇದನ್ನು ಕಂಡುಕೊಳ್ಳಲು ನನಗೆ ಎರಡು ರಾತ್ರಿ ಹಿಡಿಯಿತು. ಪೆಟ್ಟಿಗೆಗೆ ಹೆಸರಿಡುವ ಸೆಟ್‌ನೇಮ್ ಕೊಟ್ಟರೆ ಸಾಕು ಅನ್ನುವವರ ಮಾತು ನಂಬಬೇಡಿ, ವಿಂಡೋಸಿನಲ್ಲಿ ಅದು ಎನ್‌ವಿಡಿಎವರೆಗೆ ಮುಟ್ಟುವುದಿಲ್ಲ.

ಎರಡನೆಯ ಗುಂಡಿ ಗ್ರಿಡ್, ಅಂದರೆ ಚೌಕ ಚೌಕದ ಕೋಷ್ಟಕ. ಕಂತಿನ ಪಟ್ಟಿಗೆ ಗ್ರಿಡ್ ಹಾಕಿದ್ದೆ. ಅದು ಮಾತ್ರ ಇಲ್ಲೂ ಕೈಯಾರೆ ಬಿಡಿಸಿದ್ದು, ಆದ್ದರಿಂದ ಮೂಕ. ತೆಗೆದು ಲಿಸ್ಟ್‌ಕಂಟ್ರೋಲ್ ಎಂಬ ವಿಂಡೋಸಿನ ಸ್ವಂತ ಪಟ್ಟಿ ಹಾಕಿದ ಮೇಲೆ ಕೆಳಬಾಣಕ್ಕೆ ಇಡೀ ಸಾಲು, ಕಂಟ್ರೋಲ್-ಆಲ್ಟ್-ಬಲಬಾಣಕ್ಕೆ ಒಂದೊಂದೇ ಕಂಬ. ‘ಉಳಿಯಿತು’ ಇಲ್ಲೂ ತಾನಾಗಿ ಬರಲಿಲ್ಲ. ಉಳಿಸಿದ ಕೂಡಲೇ ಒಂದು ಸಣ್ಣ ಸದ್ದು ಮಾಡಿ ಫೋಕಸನ್ನು ಹೆಸರಿನ ಪೆಟ್ಟಿಗೆಗೆ ತರುತ್ತೇನೆ. ಅನುಮಾನ ಬಂದರೆ ಎನ್‌ವಿಡಿಎ ಕೀ ಜೊತೆ ಎಂಡ್ ಒತ್ತಿ ತಳದ ಸಾಲು ಕೇಳಿಕೊಳ್ಳುತ್ತೇನೆ. ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರನ್ನು ನಾನು ಕೊಂಡಿಲ್ಲ, ಅದರ 40 ನಿಮಿಷದ ಪ್ರಯೋಗದಲ್ಲೂ, ವಿಂಡೋಸಿನ ನರೇಟರ್‌ನಲ್ಲೂ ಈ ಕಿಟಕಿ ಹಾಗೇ ಓದಿತು.

ಯಾವ ಟೂಲ್‌ಕಿಟ್ಟೂ ಬಿಡಿಸದ ಎರಡು ಗಂಟು ಕನ್ನಡದವು. ಬಟನ್ನಿಗೆ ಶಾರ್ಟ್‌ಕಟ್ ಕೀ ಮಾಡಲು ‘ಉಳಿಸಿ’ಯ ಉ ಅಕ್ಷರಕ್ಕೆ ಮೊದಲು ಆಂಪರ್‌ಸ್ಯಾಂಡ್ (&) ಇಟ್ಟರೆ, ಇಂಗ್ಲಿಷ್ ಕೀಲಿಮಣೆಯಲ್ಲಿ ಆಲ್ಟ್ ಜೊತೆ ಒತ್ತಲು ಉ ಎಲ್ಲಿದೆ? ಪದದ ಪಕ್ಕ ಒಂದು ಎಸ್ ತೂರಿಸಿದೆ. ಈಗ ‘ಉಳಿಸಿ ಎಸ್ ಬಟನ್ ಆಲ್ಟ್ ಪ್ಲಸ್ ಎಸ್’ ಎಂದು ಮಂತ್ರ ಹೇಳಿದಂತೆ ಹೇಳುತ್ತದೆ. ಇನ್ನೊಂದು, ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ್ದ ಹಳೆಯ ಸದಸ್ಯರ ಪಟ್ಟಿ. ಅದು ಆಸ್ಕಿ ಫಾಂಟಿನದು. ಕಣ್ಣಿಗೆ ಕನ್ನಡ, ಒಳಗೆ ರೋಮನ್ ಅಕ್ಷರಗಳ ಚಿತ್ರಾನ್ನ. ಯೂನಿಕೋಡಿಗೆ ತಿರುಗಿಸುವವರೆಗೆ ಒಂದು ಹೆಸರೂ ಹೆಸರಾಗಿ ಕೇಳಲಿಲ್ಲ.

ಈಗ ತಿಂಗಳ ಲೆಕ್ಕವನ್ನು ಒಂದು ತಿಂಗಳು ನಾನು, ಒಂದು ತಿಂಗಳು ಅಕ್ಕ ಬರೆಯುತ್ತೇವೆ. ಗ್ರಿಡ್ ತೆಗೆದ ದಿನ ಅವಳದೊಂದು ತಕರಾರು ಬಂತು. “ಏನೋ ಇದು, ಲೆಕ್ಕದ ಪುಸ್ತಕ ಅಂದ್ಮೇಲೆ ಗೀಟು ಬೇಡ್ವಾ?” ಲಿಸ್ಟ್‌ಕಂಟ್ರೋಲಿಗೆ ಅಡ್ಡಗೆರೆ, ಉದ್ದಗೆರೆ ಎಳೆಯುವ ಎರಡು ಗುರುತುಗಳಿವೆ, ಸೇರಿಸಿದೆ. ಗೆರೆ ಬಂದಿದೆ ಎಂದು ಎನ್‌ವಿಡಿಎ ಹೇಳುವುದಿಲ್ಲ, ಅಕ್ಕ ಹೇಳಿದ್ದನ್ನು ನಂಬಿದ್ದೇನೆ.