ಆ ಫೆಲೋಶಿಪ್ಪಿಗೆ ಸಹಿ ಹಾಕುವ ಮೊದಲು

ಸ್ಥಳೀಯ ಸಮುದಾಯಗಳ ಜತೆ ಕೆಲಸ ಮಾಡುವ ಕ್ಯುರೇಟರ್‌ಗಳಿಗೆಂದು, ಅಂದರೆ ಕಲಾ ಪ್ರದರ್ಶನಗಳನ್ನು ರೂಪಿಸುವವರಿಗೆಂದು, ಹೊರರಾಜ್ಯದ ಖಾಸಗಿ ಸಂಸ್ಥೆಯೊಂದು ಕೊಡುವ ಫೆಲೋಶಿಪ್ಪಿಗೆ ಮತ್ತೆ ಅರ್ಜಿ ಕರೆದಿದ್ದಾರೆ. ಮೈಸೂರಿನಲ್ಲಿ ಚಿತ್ರಕಲೆ, ಜಾನಪದ ಓದಿದವರ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಆ ಪ್ರಕಟಣೆ ಓಡಾಡುತ್ತಿದೆ. ಹಿಂದಿನ ಸಾಲಿನಲ್ಲಿ ಅದನ್ನು ಪಡೆದವಳು ನಾನು. ನಾಗಮಂಗಲ ಕಡೆಯ ತೊಗಲುಗೊಂಬೆ ಕಲಾವಿದರ ಜತೆ ಮೈಸೂರಿನಲ್ಲಿ ಪ್ರದರ್ಶನ ಮಾಡಿದ್ದೆ. ನನಗೂ, ಆ ಕಲಾವಿದರಿಗೂ ಬರಬೇಕಾದ ಹಣ ಇನ್ನೂ ಬಾಕಿ ಇರುವುದರಿಂದ ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಅರ್ಜಿ ತುಂಬುತ್ತಿರುವವರಿಗೆ ಯಾವುದೆಂದು ತಾನಾಗಿಯೇ ತಿಳಿಯುತ್ತದೆ.

ಪ್ರಕಟಣೆಯಲ್ಲಿ ‘ಪೂರ್ಣ ಧನಸಹಾಯ’ ಎಂದಿದೆ. ಅಸಲಿಗೆ ಮೊದಲು ನಾವು ಕೈಯಿಂದ ಖರ್ಚು ಮಾಡಬೇಕು, ಆಮೇಲೆ ಜಿಎಸ್‌ಟಿ ಬಿಲ್ಲು ಕಳಿಸಿ ಕಾಯಬೇಕು. ಹಳ್ಳಿಯ ಶಾಮಿಯಾನದವನು, ಗೂಡ್ಸ್ ಆಟೊದವನು ಎಲ್ಲಿಂದ ಜಿಎಸ್‌ಟಿ ಬಿಲ್ಲು ತರುತ್ತಾನೆ? ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟದ ಸೇವೆಗೆ ನೋಂದಣಿಯೇ ಬೇಕಿಲ್ಲ. ಗೊಂಬೆಯಾಟ ಶುರುವಾಗುವ ಮೊದಲು ಗಣಪತಿ ಗೊಂಬೆಗೆ ಮಾಡುವ ಪೂಜೆಯ ತೆಂಗಿನಕಾಯಿ, ಹೂವಿನ ಖರ್ಚನ್ನು ‘ಧಾರ್ಮಿಕ ವೆಚ್ಚ’ ಎಂದು ಹೊಡೆದುಹಾಕಿದರು. ಪೂಜೆಯಿಲ್ಲದೆ ಆಟ ಕಟ್ಟುವ ಮೇಳವನ್ನು ಅವರೇ ಹುಡುಕಿಕೊಡಲಿ. ಕೇಂದ್ರ ಸಂಸ್ಕೃತಿ ಸಚಿವಾಲಯದ ಫೆಲೋಶಿಪ್ಪಿನಲ್ಲಿ ಕಿರಿಯರಿಗೆ ತಿಂಗಳಿಗೆ 10,000, ಹಿರಿಯರಿಗೆ 20,000 ರೂಪಾಯಿ, ಎರಡು ವರ್ಷ. ದೊಡ್ಡ ಮೊತ್ತವೇನಲ್ಲ, ಆದರೆ ಎಷ್ಟು, ಎಲ್ಲಿಯವರೆಗೆ ಎಂಬುದು ನಿಯಮದಲ್ಲೇ ಇರುತ್ತದೆ. ಇಲ್ಲಿ ಅದೂ ಇಲ್ಲ.

ಕಲಾವಿದರ ಸಂಘಕ್ಕೆ ನೇರವಾಗಿ ‘ಸಮುದಾಯ ನಿಧಿ’ ಕೊಡುತ್ತೇವೆ ಎಂದಿದ್ದರು. ಪ್ರದರ್ಶನ ಮುಗಿದ ಮೇಲೆ, ವಿದೇಶಿ ದೇಣಿಗೆಯ ಕಾನೂನು ಬದಲಾಗಿದೆ, ಹಣ ವರ್ಗಾಯಿಸಲಾಗದು ಎಂಬ ಮಿಂಚಂಚೆ ಬಂತು. ಬದಲಾದದ್ದು ನಿಜ, ಆದರೆ 2020ರ ಸೆಪ್ಟೆಂಬರ್‌ನಲ್ಲಿ! ವಿದೇಶಿ ದೇಣಿಗೆ ಪಡೆದವರು ಅದನ್ನು ಇನ್ನೊಬ್ಬರಿಗೆ ಹಂಚುವಂತಿಲ್ಲ ಎಂಬ ತಿದ್ದುಪಡಿ ಜಾರಿಯಾಗಿ ವರ್ಷಗಳು ಕಳೆದ ಮೇಲೆ ಈ ನಿಧಿಯ ಆಸೆ ತೋರಿಸಿದ್ದಾರೆ. ಹಾಗಾದರೆ ಆಟದ ಸಂಭಾವನೆಯೆಂದು ಕಲಾವಿದರ ಖಾತೆಗೇ ಹಾಕಿ ಎಂದು ಬರೆದೆ. ಉತ್ತರವಿಲ್ಲ.

ಹಣದ ರಗಳೆ ಹೇಗೋ ಸಹಿಸಬಹುದು. ಗೊಂಬೆಗಳ ವಿಷಯದಲ್ಲಿ ನಡೆದದ್ದನ್ನು ನಾನು ಬಿಡುವವಳಲ್ಲ.

ಮೈಸೂರಿನ ಪ್ರದರ್ಶನ ಮುಗಿದೊಡನೆ ಸಂಸ್ಥೆಯವರು, ತಮ್ಮ ಊರಿನಲ್ಲೂ ತೋರಿಸುತ್ತೇವೆ ಎಂದು ಆಯ್ದ ಗೊಂಬೆಗಳನ್ನು ಒಯ್ದರು. ಕಲಾವಿದರ ಮನೆಯವರು ಗೊಂಬೆಗಳನ್ನು ಬಿದಿರಿನ ಪೆಟ್ಟಿಗೆಯಲ್ಲಿ ಮಟ್ಟಸವಾಗಿ ಮಲಗಿಸಿ, ನಡುನಡುವೆ ಹಳೆಯ ಪಂಚೆ ಹಾಸಿಡುತ್ತಾರೆ. ರಾಮ ರಾವಣರನ್ನು ಅಕ್ಕಪಕ್ಕ ಇಡುವುದೂ ಇಲ್ಲ. ವಾಪಸು ಬಂದದ್ದು ಪೋಸ್ಟರ್ ಕಳಿಸುವ ರಟ್ಟಿನ ಕೊಳವೆಯಲ್ಲಿ, ಎಲ್ಲವನ್ನೂ ಒಟ್ಟಿಗೆ ಸುರುಳಿ ಸುತ್ತಿ. ಬಣ್ಣಕ್ಕೆ ಪ್ಲಾಸ್ಟಿಕ್ ಹಾಳೆ ಕಚ್ಚಿಕೊಂಡು ರಾವಣನ ಹತ್ತೂ ಮುಖಗಳ ಮೇಲೆ ಗುಳ್ಳೆಗಳ ದುಂಡನೆಯ ಅಚ್ಚು. ಸೀತೆಯ ಮೊಣಕೈಯ ದಾರ ಕಿತ್ತುಹೋಗಿದ್ದ ಕಡೆ ವಿದ್ಯುತ್ ತಂತಿ ಬಿಗಿಯುವ ಪ್ಲಾಸ್ಟಿಕ್ ಪಟ್ಟಿ ಹಾಕಿ ಎಳೆದಿದ್ದರು. ತೂತು ಸೀಳಿ ತೊಗಲು ಬಾಯಿಬಿಟ್ಟಿತ್ತು. ಮನೆಯ ಹಿರಿಯರು, “ನಿನ್ನ ಮುಖ ನೋಡಿ ಕೊಟ್ಟೆವು. ಆ ಸಂಸ್ಥೆ ಯಾವುದೋ ನಮಗೇನು ಗೊತ್ತು?” ಎಂದರು. ಈ ಫೆಲೋಶಿಪ್ಪಿನ ಒಳಗುಟ್ಟು ಇಷ್ಟೇ: ಊರಿನವರ ನಂಬಿಕೆಯನ್ನು ಸಂಪಾದಿಸಲು ಅವರಿಗೆ ನಮ್ಮ ಮುಖ ಬೇಕು, ಕೆಟ್ಟರೆ ಉತ್ತರ ಹೇಳಲು ಮತ್ತೆ ನಮ್ಮದೇ ಮುಖ.

ಪರಿಹಾರ ಕೇಳಿದ್ದಕ್ಕೆ, ಇಂಥ ವಸ್ತುಗಳಿಗೆ ಮಾರುಕಟ್ಟೆ ಬೆಲೆ ಇಲ್ಲವಾದ್ದರಿಂದ ವಿಮೆ ಮಾಡಿಸಿರಲಿಲ್ಲ ಎಂದರು. ಮ್ಯೂಸಿಯಮ್ಮುಗಳು ಒಂದು ಚಿತ್ರವನ್ನು ಎರವಲು ತಂದರೂ ಮೊದಲು ಅದು ಹೇಗಿದೆ ಎಂದು ಫೋಟೊ ಸಮೇತ ಸ್ಥಿತಿ ವರದಿ ಬರೆಯುತ್ತವೆ, ಗೋಡೆಯಿಂದ ಇಳಿದ ಗಳಿಗೆಯಿಂದ ಮತ್ತೆ ಅದೇ ಗೋಡೆ ಸೇರುವವರೆಗೆ ವಿಮೆ ಇರುತ್ತದೆ. ಕ್ಯುರೇಟರ್‌ಗಳ ಸಂಸ್ಥೆಗೆ ಇದು ಗೊತ್ತಿಲ್ಲವೆಂದರೆ ನಾನು ನಂಬುವುದಿಲ್ಲ.

ಅವರ ಊರಿನ ಪ್ರದರ್ಶನದ ಫಲಕದ ಫೋಟೊ ನೋಡಿದೆ. ನನ್ನ ಹೆಸರು ದಪ್ಪಕ್ಷರದಲ್ಲಿ, ಕಲಾವಿದರ ಜಾಗದಲ್ಲಿ ‘ಸ್ಥಳೀಯ ಸಮುದಾಯ’. ಹೆಸರುಗಳ ಪಟ್ಟಿಯನ್ನು ನಾನೇ ಕಳಿಸಿದ್ದೆ. ಆಟವನ್ನು ಚಿತ್ರೀಕರಿಸಿದ ವಿಡಿಯೊದಲ್ಲೂ ಅದೇ ಕತೆ. ಪ್ರದರ್ಶನ ಕೊಟ್ಟವರಿಗೆ ತಮ್ಮ ಹೆಸರು ಹಾಕಿಸಿಕೊಳ್ಳುವ ಹಕ್ಕನ್ನು ಕೃತಿಸ್ವಾಮ್ಯ ಕಾಯ್ದೆಯೇ 2012ರ ತಿದ್ದುಪಡಿಯಲ್ಲಿ ಕೊಟ್ಟಿದೆ.

ಆದರೂ ಅರ್ಜಿ ಹಾಕುತ್ತೇನೆ ಎನ್ನುವವರು ಮೊದಲ ಕಂತು ಮುಂಗಡವಾಗಿ ಬರುತ್ತದೆಯೇ, ಕಲಾವಿದರಿಗೆ ಎಷ್ಟು, ಯಾವ ಖಾತೆಯಿಂದ ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಒಪ್ಪಂದ ಕನ್ನಡದಲ್ಲೂ ಇರಲಿ, ಕಲಾವಿದರೂ ಸಹಿದಾರರಾಗಲಿ. ನಮ್ಮದರಲ್ಲಿ ಸಹಿ ನನ್ನದೊಂದೇ ಇತ್ತು. ಎರವಲು ಪತ್ರ, ವಿಮೆಯ ಪ್ರತಿ ಕೈಗೆ ಬರುವವರೆಗೆ ಗೊಂಬೆಯಾಗಲಿ, ಹಾಡಿನ ಹಸ್ತಪ್ರತಿಯಾಗಲಿ, ಹಳೆಯ ಫೋಟೊವಾಗಲಿ ಯಾರ ಮನೆಯಿಂದಲೂ ಹೊರಗೆ ತರಬೇಡಿ. ನನ್ನ ಒಪ್ಪಂದ ಪತ್ರ ನೋಡಬೇಕೆನಿಸಿದರೆ ಕೇಳಿ, ಹೆಸರುಗಳನ್ನು ಮುಚ್ಚಿ ಕಳಿಸುತ್ತೇನೆ.