ಗಡಿನಾಡಿನ ಕನ್ನಡ ಶಾಲೆಗೆ ಬರುವ ಸ್ಪೆಷಲ್ ಎಜುಕೇಟರ್: ರಕ್ಷಕರೊಬ್ಬರ ವಿಮರ್ಶೆ

ಕಾಸರಗೋಡು ಜಿಲ್ಲೆಯ ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆಯಲ್ಲಿ ನನ್ನ ಮಗಳು ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಬಾಯಿಲೆಕ್ಕದಲ್ಲಾಗಲಿ ಕತೆ ಹೇಳುವುದರಲ್ಲಾಗಲಿ ಹಿಂದೆ ಬೀಳದ ಅವಳಿಗೆ ಓದು ಬರಹ ಮಾತ್ರ ಕೈಹತ್ತುತ್ತಿರಲಿಲ್ಲ. ಅದು ಕಲಿಕಾ ನ್ಯೂನತೆಯೆಂದು ಗುರುತಿಸಿದ ಮೇಲೆ, ಬ್ಲಾಕ್ ಸಂಪನ್ಮೂಲ ಕೇಂದ್ರದಿಂದ, ಎಂದರೆ ನಾವೆಲ್ಲ ಬಿ.ಆರ್.ಸಿ. ಎನ್ನುವ ಕಚೇರಿಯಿಂದ, ಶಾಲೆಗೆ ಬರುವ ವಿಶೇಷ ಶಿಕ್ಷಣ ಅಧ್ಯಾಪಿಕೆಯ ಸೇವೆ ಅವಳಿಗೆ ದೊರೆಯುತ್ತಿದೆ. ಸಮಗ್ರ ಶಿಕ್ಷಾ ಯೋಜನೆಯಡಿ ಬರುವ ಈ ಸೇವೆಗೆ ಶುಲ್ಕವಿಲ್ಲ. ಪುಕ್ಕಟೆ ಸಿಗುವುದನ್ನು ತೂಗಿ ನೋಡುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಆದರೆ ಮಕ್ಕಳ ವಿಷಯದಲ್ಲಿ ತೂಗಿ ನೋಡಲೇಬೇಕಾಗುತ್ತದೆ.

ಮೊದಲು ಮೆಚ್ಚಿಕೆಯಾದುದನ್ನು ಹೇಳುತ್ತೇನೆ. ನಮ್ಮದು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಕೇಳಿಸುವ ಊರು. ಇಲ್ಲಿ ಒಂದು ಮಗು ಓದಲು ತಡವರಿಸಿದರೆ ಅದು ಭಾಷೆಯ ಅಪರಿಚಯವೋ ನಿಜವಾದ ಕಲಿಕಾ ನ್ಯೂನತೆಯೋ ಎಂದು ಬೇರ್ಪಡಿಸುವುದು ಈ ಅಧ್ಯಾಪಿಕೆಯರ ಮೊದಲ ಹೊಣೆ. ನಮ್ಮ ಟೀಚರ್ ಪಾಠಪುಸ್ತಕವನ್ನು ತೆರೆಯುವುದಕ್ಕೆ ಮೊದಲು ಮಗಳೊಂದಿಗೆ ತುಳುವಿನಲ್ಲಿಯೇ ಹರಟಿ, ಅವಳ ಮಾತು, ನೆನಪು, ಗಮನ ಹೇಗಿವೆಯೆಂದು ನೋಡಿದರು. ನಮ್ಮನ್ನು ಕೂರಿಸಿಕೊಂಡು ಅವಳು ಹುಟ್ಟಿದಂದಿನಿಂದ ನಡೆದುದನ್ನೆಲ್ಲ ಕೇಳಿ ಬರೆದುಕೊಂಡರು. ಕಣ್ಣು ಮತ್ತು ಕಿವಿಯ ತಪಾಸಣೆ ಮಾಡಿಸಿ ತರುವಂತೆ ಹೇಳಿದರು. ಇಷ್ಟೆಲ್ಲ ಆದ ಮೇಲೆಯೇ ಅವಳಿಗೆ ಏನನ್ನು ಹೇಗೆ ಕಲಿಸಬೇಕೆಂದು ಬರೆದಿಡುವ ವೈಯಕ್ತಿಕ ಶಿಕ್ಷಣ ಯೋಜನೆಯೆಂಬ ಕಡತ ಸಿದ್ಧವಾಯಿತು.

ಮಗಳಿಗೆ ದೊಡ್ಡ ತೊಡಕಾಗಿದ್ದುದು ಒತ್ತಕ್ಷರ, ಅದರಲ್ಲಿಯೂ ಅರ್ಕಾವೊತ್ತು. ‘ವರ್ಷ’ ಎಂಬಲ್ಲಿ ರಕಾರದ ಸದ್ದು ಮೊದಲು ಬರುತ್ತದೆ, ಚಿಹ್ನೆ ಮಾತ್ರ ಷಕಾರ ಕಳೆದ ಮೇಲೆ ಕೂತಿರುತ್ತದೆ. ಕಣ್ಣು ಕಂಡ ಕ್ರಮದಲ್ಲಿಯೇ ಓದುವ ಮಗು ‘ವಷ್ರ’ ಎನ್ನುತ್ತದೆ, ಕಿವಿ ಕೇಳಿದ ಕ್ರಮದಲ್ಲಿ ಬರೆದರೆ ‘ವರಷ’ ಎಂದಾಗುತ್ತದೆ. ಟೀಚರ್ ಹಳೆಯ ಮದುವೆ ಆಮಂತ್ರಣ ಪತ್ರಗಳನ್ನು ಕತ್ತರಿಸಿ ಚೀಟಿ ಮಾಡಿ, ಅರ್ಕಾವೊತ್ತನ್ನು ಕೆಂಪು ಶಾಯಿಯಲ್ಲಿ ಬರೆದರು. ಮಗಳು ಪದವನ್ನು ಗಟ್ಟಿಯಾಗಿ ಹೇಳುತ್ತ ಆ ಕೆಂಪು ಚೀಟಿಯನ್ನು ಮೊದಲು ಷಕಾರದ ಎಡಕ್ಕೆ ಸರಿಸಬೇಕು, ಬರೆಯುವಾಗ ಮತ್ತೆ ಬಲಕ್ಕೆ ತರಬೇಕು. ಇದನ್ನು ಬಿಡದೆ ಮಾಡಿಸಿದ್ದರಿಂದ ಈಗ ಅವಳು ಚೀಟಿಯಿಲ್ಲದೆ, ಬೆರಳನ್ನಷ್ಟೇ ಮೇಜಿನ ಮೇಲೆ ಆಚೀಚೆ ಆಡಿಸಿ ಓದುತ್ತಾಳೆ. ನಿಧಾನ ನಿಜ, ಆದರೆ ತಪ್ಪುವುದು ಅಪರೂಪ.

ಆದರೂ ಈ ಸೇವೆಯ ನಿಜವಾದ ಬೆಲೆ ಆ ಒಂದು ಗಂಟೆಯ ಪಾಠದಲ್ಲಿಲ್ಲ ಎಂಬುದು ನನ್ನ ಅಭಿಪ್ರಾಯ. ವಾರಕ್ಕೊಮ್ಮೆ ಬಂದು ಹೋಗುವವರಿಂದ ಎಷ್ಟಾದೀತು? ಉಳಿದ ದಿನಗಳಲ್ಲಿ ಕ್ಲಾಸ್ ಟೀಚರ್ ಏನು ಮಾಡುತ್ತಾರೆಂಬುದನ್ನು ಬದಲಿಸಿದ್ದೇ ಅವರ ಹೆಚ್ಚುಗಾರಿಕೆ. ಮಗಳನ್ನು ಎಲ್ಲರೆದುರು ಎಬ್ಬಿಸಿ ಓದಿಸುವುದು ನಿಂತಿತು. ಹಲಗೆಯಿಂದ ಇಡೀ ಪುಟ ನಕಲು ಮಾಡಿಸುವ ಬದಲು ನಾಲ್ಕು ಸಾಲು ಸಾಕೆಂದಾಯಿತು. ಪರೀಕ್ಷೆಯಲ್ಲಿ ಪ್ರಶ್ನೆಗಳನ್ನು ಓದಿ ಹೇಳಿ, ಕೆಲವಕ್ಕೆ ಬಾಯ್ದೆರೆ ಉತ್ತರ ಪಡೆಯುವ ವ್ಯವಸ್ಥೆಯಾಯಿತು.

ನಮ್ಮ ಜಿಲ್ಲೆಯಲ್ಲಿ ವಿಶೇಷ ಶಿಕ್ಷಣವೆಂದೊಡನೆ ಜನರ ಕಣ್ಮುಂದೆ ಬರುವುದು ಎಂಡೋಸಲ್ಫಾನ್ ಬಾಧಿತ ಮಕ್ಕಳು ಮತ್ತು ಬೌದ್ಧಿಕ ನ್ಯೂನತೆಯುಳ್ಳ ಮಕ್ಕಳಿಗಾಗಿ ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳು. 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ಕೀಟನಾಶಕವನ್ನು ಸಿಂಪಡಿಸಿದುದರ ಫಲವನ್ನು ಎಣ್ಮಕಜೆಯಂತಹ ಪಂಚಾಯತುಗಳು ಇಂದಿಗೂ ಉಣ್ಣುತ್ತಿರುವಾಗ ಇದು ಸಹಜವೇ. ಆದರೆ ಓಡಾಡಿಕೊಂಡು, ಚುರುಕಾಗಿ ಮಾತಾಡಿಕೊಂಡಿರುವ ಮಗುವಿಗೂ ಈ ಸೇವೆಯ ಹಕ್ಕಿದೆಯೆಂದು ಹೇಳಿದರೆ ನೆಂಟರಿಷ್ಟರು ಮುಖ ಸಿಂಡರಿಸುತ್ತಾರೆ. ಅಂಗವಿಕಲರಿಗಾಗಿ ಬಂದ 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಷ್ಟೇ ಇದ್ದವು. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿತು. ಈ ಮಾಹಿತಿಯನ್ನು ನಮಗೆ ತಿಳಿಸಿದವರೂ ನಮ್ಮ ಟೀಚರೇ.

ಇನ್ನು ಕೊರತೆಗಳು. ನಮ್ಮ ಟೀಚರ್ ದೀರ್ಘ ರಜೆಯಲ್ಲಿದ್ದಾಗ ಬದಲಿಗೆ ಬಂದವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವರು ಒಳ್ಳೆಯವರು, ತರಬೇತಾದವರು. ಆದರೆ ಮಲಯಾಳದಲ್ಲಿ ‘ವರ್ಷ’ದ ರಕಾರಕ್ಕೆ ಚಿಲ್ಲಕ್ಷರವೆಂಬ, ಸ್ವರವಿಲ್ಲದ ವ್ಯಂಜನದ ಬೇರೆಯೇ ಅಕ್ಷರವಿದ್ದು ಅದು ಉಚ್ಚಾರದ ಕ್ರಮದಲ್ಲಿಯೇ ಬರುವುದರಿಂದ, ಮಗಳು ಎಲ್ಲಿ ಎಡವುತ್ತಾಳೆಂಬುದೇ ಅವರಿಗೆ ಅರಿವಾಗಲಿಲ್ಲ. ತಂದ ಕಾರ್ಡುಗಳೆಲ್ಲ ಮಲಯಾಳದವು. ಆ ಅವಧಿಯಲ್ಲಿ ಚಿತ್ರಕ್ಕೆ ಬಣ್ಣ ತುಂಬುವುದೇ ಪಾಠವಾಯಿತು. ಕನ್ನಡ ಮಾಧ್ಯಮದ ಮಕ್ಕಳಿರುವ ಕಡೆ ಕನ್ನಡ ಬಲ್ಲವರನ್ನೇ ನೇಮಿಸಬೇಕೆಂಬುದನ್ನು ಯಾರೂ ಉಪಕಾರವೆಂದು ತಿಳಿಯಬಾರದು, ಅದಿಲ್ಲದೆ ಈ ಸೇವೆಯೇ ನಡೆಯದು.

ಎರಡನೆಯ ಕೊರತೆ ಸಮಯದ್ದು. 2021ರ ಅಕ್ಟೋಬರಿನ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ ಹತ್ತು ಮಕ್ಕಳಿಗೆ ಒಬ್ಬರು, ಅದಕ್ಕಿಂತ ಮೇಲೆ ಹದಿನೈದು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂಬ ಪ್ರಮಾಣವನ್ನು ಹೇಳಿದೆ. ನಮ್ಮ ಟೀಚರ್ ಹಲವು ಶಾಲೆಗಳಿಗೆ ಬಸ್ಸು ಹತ್ತಿ ಇಳಿದು, ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗಿ ಕಲಿಸಿ, ಮೆಡಿಕಲ್ ಕ್ಯಾಂಪಿನ ದಿನ ಶ್ರವಣಯಂತ್ರ, ಗಾಲಿಕುರ್ಚಿಗಳ ಪಟ್ಟಿಯನ್ನೂ ಬರೆಯಬೇಕು. ಹೀಗಾಗಿ ನಮ್ಮ ವಾರದ ಪಾಳಿ ತಪ್ಪಿದಾಗಲೆಲ್ಲ ಸಿಟ್ಟು ಬರುವುದು ಅವರ ಮೇಲಲ್ಲ. ಟೀಚರ್ ಕೆಲಸಕ್ಕೆ ಐದರಲ್ಲಿ ಐದು ಅಂಕ ಕೊಡುತ್ತೇನೆ; ವ್ಯವಸ್ಥೆಗೆ ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸು ಒಪ್ಪುವುದಿಲ್ಲ.

ಈ ಸೇವೆಯನ್ನು ಪಡೆಯಲಿರುವ ರಕ್ಷಕರು ಜೂನ್ ತಿಂಗಳಲ್ಲಿಯೇ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸುವುದು ಒಳ್ಳೆಯದು. ಬರುವ ಅಧ್ಯಾಪಿಕೆ, ವಿಶೇಷ ಶಿಕ್ಷಕರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ, ಕನ್ನಡ ಓದಬಲ್ಲರೇ ಎಂದು ವಿಚಾರಿಸಲು ಸಂಕೋಚ ಬೇಡ. ವೈಯಕ್ತಿಕ ಶಿಕ್ಷಣ ಯೋಜನೆಯ ಒಂದು ಪ್ರತಿಯನ್ನು ಕೇಳಿ ಪಡೆದು, ಮೂರು ತಿಂಗಳಿಗೊಮ್ಮೆ ಕ್ಲಾಸ್ ಟೀಚರ್ ಜೊತೆಗೂ ಕೂತು ಅದನ್ನು ಓದಿರಿ.